ನಡುಗುವ ಕೈಗೆ ಹೊರಗಿನಿಂದ ಕರೆಂಟು

(ಹಾಸನದಲ್ಲಿ ಹಿರಿಯರು ಮತ್ತು ಅವರ ಮನೆಯವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಬೇಕಾದಷ್ಟು ಮಾತ್ರ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾಚಿನಂಥ ಪಟ್ಟಿಯೊಂದನ್ನು ಕೈಗೆ ಕಟ್ಟಿದ ಕೂಡಲೇ ನಡುಕ ನಿಂತುಹೋಗುವ ವಿಡಿಯೋ ನಿಮ್ಮಲ್ಲಿ ಹಲವರ ಫೋನಿಗೆ ಬಂದಿದೆಯಂತೆ. "ಇದು ನಮಗೂ ಸಿಗುತ್ತಾ ಡಾಕ್ಟ್ರೇ?" ಎಂದು ನಾನು ಒಳಗೆ ಬರುವಾಗಲೇ ಕೆಲವರು ಕೇಳಿದರು. ಮೊದಲೇ ಹೇಳಿಬಿಡುತ್ತೇನೆ. ತಲೆಬುರುಡೆ ತೆರೆಯದೆ, ಸೂಜಿ ಚುಚ್ಚದೆ, ಹೊರಗಿನಿಂದ ಸಣ್ಣ ಕರೆಂಟನ್ನೋ ಆಯಸ್ಕಾಂತದ ಬಡಿತವನ್ನೋ ಕೊಟ್ಟು ನಡುಕ ಇಳಿಸಬಹುದು ಎನ್ನುವುದು ನಿಜವಾದ ವಿಜ್ಞಾನ. ಆದರೆ ಅದು ಎಲ್ಲ ನಡುಕಕ್ಕೂ ಅಲ್ಲ, ಎಲ್ಲರಿಗೂ ಅಲ್ಲ. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ನಮ್ಮೂರಲ್ಲೇ ಬೇಕಾದಷ್ಟಿದೆ, ಅದನ್ನು ನಾವು ಮಾಡುತ್ತಿಲ್ಲ. ಇದು ನನ್ನ ಸಂಕಟ.

ನಮ್ಮ ಕಡೆ ಕೈ ನಡುಗಿದರೆ ಮೊದಲು ಬರುವ ಮಾತು 'ನರ ವೀಕ್ನೆಸ್'. ಮೆಡಿಕಲ್ ಶಾಪಿನಿಂದ ಬಿ-ಕಾಂಪ್ಲೆಕ್ಸ್ ತಂದು ವರ್ಷಗಟ್ಟಲೆ ನುಂಗುತ್ತಾರೆ. ಹೆಚ್ಚಿನವರಿಗೆ ಅದರಿಂದ ನಡುಕ ಇಳಿಯುವುದಿಲ್ಲ. ಆಮೇಲೆ "ವಯಸ್ಸಾಯ್ತಲ್ಲ, ಇನ್ನೇನು" ಎಂದು ಸುಮ್ನಾಗುತ್ತಾರೆ. ಮದುವೆಮನೆಗೆ ಹೋಗುವುದು ಬಿಡುತ್ತಾರೆ, ಯಾಕೆಂದರೆ ಪಂಕ್ತಿಯಲ್ಲಿ ಕೂತರೆ ಸಾರು ಮೈಮೇಲೆ ಚೆಲ್ಲುತ್ತದೆ. ನೆಂಟರು ಬಂದರೆ ಕಾಫಿ ತಂದುಕೊಡಲು ಸೊಸೆಯನ್ನೇ ಕಳಿಸುತ್ತಾರೆ. ಕಾಯಿಲೆಯಿಂದ ಜೀವಕ್ಕೆ ಅಪಾಯ ಇಲ್ಲದಿರಬಹುದು. ಆದರೆ ನಾಲ್ಕು ಜನರ ಮುಂದೆ ಕೈ ಚಾಚುವುದಕ್ಕೇ ಹೆದರಿ ಬದುಕುವುದು ಸಣ್ಣ ಕಷ್ಟವಲ್ಲ.

ನಡುಕ ಒಂದೇ ಥರ ಇರುವುದಿಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ ಎಂದು ಸಭೆಯಲ್ಲಿದ್ದ ಇಬ್ಬರನ್ನು ಮುಂದೆ ಬರಲು ಕೇಳಿಕೊಂಡೆ. ಇಬ್ಬರೂ ಸಂತೋಷದಿಂದ ಒಪ್ಪಿದರು.

ಮೊದಲನೆಯವರು ನಿವೃತ್ತ ಮೇಷ್ಟ್ರು. ಕೈಗಳನ್ನು ತೊಡೆಯ ಮೇಲೆ ಇಟ್ಟು ಕೂತಾಗ ಏನೂ ಇರಲಿಲ್ಲ, ಎರಡೂ ಕೈ ಶಾಂತ. ಪೆನ್ನು ಕೊಟ್ಟು, ಹಾಳೆಯ ಮಧ್ಯದಿಂದ ಶುರು ಮಾಡಿ ಸುತ್ತು ಸುತ್ತಾಗಿ ಹೊರಗೆ ಬರುವ ಗೆರೆ ಎಳೆಯಿರಿ, ಮಣಿಕಟ್ಟು ಮೇಜಿಗೆ ತಾಗಬಾರದು ಎಂದೆ. ಪೆನ್ನು ಹಾಳೆ ಮುಟ್ಟುವಷ್ಟರಲ್ಲಿ ನಡುಕ ಶುರುವಾಯಿತು. ಗೆರೆ ಗರಗಸದ ಹಲ್ಲಿನಂತೆ ಬಂತು. ಆಮೇಲೆ ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಹುಯ್ಯಲು ಹೇಳಿದೆ. ಅರ್ಧ ನೀರು ಮೇಜಿನ ಮೇಲೆ. ಅವರ ತಾಯಿಗೂ ಹೀಗೇ ಇತ್ತಂತೆ. ಇದು ಎಸೆನ್ಶಿಯಲ್ ಟ್ರೆಮರ್. ಕೈ ಕೆಲಸಕ್ಕೆ ಹೊರಟಾಗ ಬರುವ ನಡುಕ. ಎಷ್ಟೋ ಸಲ ಮನೆತನದಲ್ಲೇ ಹರಿದುಬರುತ್ತದೆ. 65 ವರ್ಷ ದಾಟಿದವರಲ್ಲಿ ಸುಮಾರು ನೂರಕ್ಕೆ ಐವರಿಗೆ ಇದು ಇರುತ್ತದೆ ಎಂದು ಬೇರೆ ಬೇರೆ ದೇಶಗಳ ಲೆಕ್ಕ ಹೇಳುತ್ತದೆ. ಪಾರ್ಕಿನ್ಸನ್‌ಗಿಂತ ಇದೇ ಜಾಸ್ತಿ.

ಎರಡನೆಯವರು ಆಲೂರು ಕಡೆಯ ಯಜಮಾನರು. ಇವರದು ಉಲ್ಟಾ. ಸುಮ್ನೆ ಕೂತಾಗಲೇ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಿತ್ತು. ಲೋಟ ಹಿಡಿಯಲು ಕೈ ಎತ್ತಿದರು, ನಡುಕ ಕಡಿಮೆಯಾಯಿತು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದೆ. "ತೊಂಬತ್ಮೂರು, ಎಂಬತ್ತಾರು..." ಲೆಕ್ಕ ಮುಂದೆ ಹೋದಂತೆ ತೊಡೆಯ ಮೇಲಿದ್ದ ಕೈ ಜೋರಾಗಿ ಅಲ್ಲಾಡತೊಡಗಿತು. ಸಹಿ ಹಾಕಿಸಿದರೆ ಅಕ್ಷರ ಹೋಗ್ತಾ ಹೋಗ್ತಾ ಇರುವೆಯಷ್ಟು ಸಣ್ಣದಾಯಿತು. ಇದು ಪಾರ್ಕಿನ್ಸನ್. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಬರೆದಿಟ್ಟದ್ದು ಇಂಥದ್ದನ್ನೇ. ಅವನು ವಿವರಿಸಿದ್ದು ಆರೇ ಜನರನ್ನು. ಅವರಲ್ಲಿ ಕೆಲವರನ್ನು ಅವನು ಕಂಡಿದ್ದು ಬೀದಿಯಲ್ಲಿ.

ಇವೆರಡೂ ಅಲ್ಲದ ನಡುಕಗಳೂ ಇವೆ, ಅವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಗುತ್ತದೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್, ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್ ಇವುಗಳಿಂದಲೂ ನಡುಕ ಬರಬಹುದು. ತಲೆಸುತ್ತಿಗೆಂದು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಇವು ಕೆಲವರಲ್ಲಿ ಥೇಟ್ ಪಾರ್ಕಿನ್ಸನ್ ಥರದ್ದನ್ನೇ ತಂದಿಡುತ್ತವೆ. ಹುಡುಗರಲ್ಲಿ ನಡುಕ ಬಂದರೆ ವಿಲ್ಸನ್ ಕಾಯಿಲೆ, ಅಂದರೆ ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ಕಾಯಿಲೆ ಇದೆಯೇ ಎಂದು ನೋಡಲೇಬೇಕು. ಅದಕ್ಕೆ ಔಷಧಿ ಇದೆ, ತಡ ಮಾಡಬಾರದು. ಇಂಥ ಕಡೆ ಯಾವ ಪಟ್ಟಿಯೂ ಯಂತ್ರವೂ ಬೇಡ. ಕಾರಣವನ್ನು ಸರಿಮಾಡಿದರೆ ಸಾಕು.

ಈಗ ಯಂತ್ರಗಳ ವಿಷಯ. ಹೊರಗಿನ ಕರೆಂಟು ಒಳಗಿನ ನಡುಕವನ್ನು ಹೇಗೆ ಮುಟ್ಟುತ್ತದೆ?

ನಡುಕ ಅಡ್ಡಾದಿಡ್ಡಿ ಅಲ್ಲಾಟವಲ್ಲ. ಅದಕ್ಕೊಂದು ತಾಳ ಇದೆ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ 4ರಿಂದ 6 ಸಲ. ಎಸೆನ್ಶಿಯಲ್ ಟ್ರೆಮರ್ 4ರಿಂದ 12 ಸಲ. ಈ ತಾಳ ಕೈಯಲ್ಲಿ ಹುಟ್ಟುವುದಿಲ್ಲ, ತಲೆಯಲ್ಲಿ ಹುಟ್ಟುತ್ತದೆ. ಹಿಂದಲೆಯಲ್ಲಿರುವ ಕಿರುಮಿದುಳು, ಮಿದುಳಿನ ನಡುವೆ ಆಳದಲ್ಲಿರುವ ಥಲಾಮಸ್, ಮೇಲ್ಪದರದಲ್ಲಿ ಕೈಕಾಲು ಆಡಿಸುವ ಜಾಗ, ಈ ಮೂರರ ನಡುವೆ ಸಂದೇಶ ಸುತ್ತು ಹೊಡೆಯುತ್ತಿರುತ್ತದೆ. ಆ ಸುತ್ತಿನಲ್ಲಿ ನರಕೋಶಗಳೆಲ್ಲ ಒಟ್ಟಿಗೆ ಒಂದೇ ಲಯಕ್ಕೆ ಬಿದ್ದರೆ ಕೈ ನಡುಗುತ್ತದೆ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ತಯಾರಿಸುವ ಕೋಶಗಳು ಸಾಯುವುದರಿಂದ ತೊಂದರೆ ಬೇರೆ ಕಡೆ ಶುರುವಾಗುತ್ತದೆ. ಆದರೂ ನಡುಕ ದೊಡ್ಡದಾಗುವುದು ಇದೇ ಸುತ್ತಿನಲ್ಲಿ.

ಜೋಕಾಲಿ ತೂಗುವುದನ್ನು ನೆನಪಿಸಿಕೊಳ್ಳಿ. ಮುಂದೆ ಹೋಗುವಾಗ ಸರಿಯಾದ ಗಳಿಗೆಗೆ ತಳ್ಳಿದರೆ ಇನ್ನೂ ಮೇಲೆ ಹೋಗುತ್ತದೆ. ಹಿಂದೆ ಬರುವಾಗ ಎದುರಿನಿಂದ ಅಷ್ಟೇ ಮೆಲ್ಲಗೆ ತಳ್ಳಿದರೂ ನಿಧಾನವಾಗುತ್ತದೆ. ದೊಡ್ಡ ಬಲ ಬೇಕಿಲ್ಲ, ಹೊತ್ತು ಸರಿಯಾಗಿರಬೇಕು. ಹೊರಗಿನಿಂದ ಕೊಡುವ ಚಿಕಿತ್ಸೆಗಳಲ್ಲಿ ನನಗೆ ತುಂಬಾ ಭರವಸೆ ಕೊಡುವವು ಈ ಹೊತ್ತಿನ ಲೆಕ್ಕದ ಮೇಲೆ ನಿಂತಿವೆ.

ಆಪರೇಷನ್ ಮಾಡಿ ಈ ಸುತ್ತನ್ನು ಮುಟ್ಟುವ ದಾರಿ ಹಳೆಯದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ಆಲಿಂ ಲೂಯಿ ಬೆನಾಬಿದ್ ಎಂಬ ಸರ್ಜನ್, ಥಲಾಮಸ್‌ಗೆ ಇಳಿಸಿದ ತಂತಿಯಿಂದ ಸೆಕೆಂಡಿಗೆ ನೂರು ಸಲದಷ್ಟು ಕರೆಂಟು ಬಡಿದರೆ ನಡುಕ ನಿಲ್ಲುತ್ತದೆ ಎಂದು ಕಂಡುಕೊಂಡರು. ಅದೇ ಇವತ್ತಿನ ಡಿಬಿಎಸ್. ನಡುಕ ಜೋರಾಗಿದ್ದವರಿಗೆ ಅದರಷ್ಟು ಫಲ ಕೊಡುವ ಬೇರೆ ಚಿಕಿತ್ಸೆಗಳು ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಆದರೆ ತಲೆಬುರುಡೆಗೆ ತೂತು ಹಾಕಬೇಕು, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡಬೇಕು, ಖರ್ಚು ಹಲವು ಲಕ್ಷ. "ಬೇಡಪ್ಪ, ತಲೆಗೆ ಕೈ ಹಚ್ಚಬೇಡಿ" ಎನ್ನುವವರೇ ಹೆಚ್ಚು. ಅವರನ್ನು ತಪ್ಪು ಎನ್ನಲಾರೆ. ಅದಕ್ಕೇ ಹೊರಗಿನ ದಾರಿಗಳ ಹುಡುಕಾಟ.

ಒಂದು ದಾರಿ ಆಯಸ್ಕಾಂತದ್ದು, ಟಿಎಂಎಸ್ ಎನ್ನುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಜೊತೆಗಾರರು ತೋರಿಸಿದ್ದು. ಇದರ ಬೇರು ಮಾತ್ರ ಫ್ಯಾರಡೆಯ 1831ರ ಪ್ರಯೋಗದಲ್ಲಿದೆ. ಆಯಸ್ಕಾಂತದ ಶಕ್ತಿ ಥಟ್ಟನೆ ಬದಲಾದರೆ ಹತ್ತಿರದ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಲ್ಲ, ಅದೇ. ಇಲ್ಲಿ ತಂತಿಯ ಬದಲು ಮಿದುಳು. ಎಂಟರ ಆಕಾರದ ಒಂದು ಕಾಯಿಲನ್ನು ತಲೆಯ ಮೇಲೆ ಹಿಡಿಯುತ್ತಾರೆ. 'ಟಕ್' ಎಂದು ಜೋರು ಸದ್ದು, ಅದಕ್ಕೇ ಕಿವಿಗೆ ಬೆಣೆ ಹಾಕುತ್ತಾರೆ. ಸರಿಯಾದ ಜಾಗಕ್ಕೆ ಬಂದಾಗ ಎದುರು ಬದಿಯ ಕೈಯ ಹೆಬ್ಬೆರಳು ತಾನಾಗೇ ಎಗರುತ್ತದೆ. ನೀವು ಆಡಿಸಿಲ್ಲ, ಯಾರೂ ಮುಟ್ಟಿಲ್ಲ, ಬೆರಳು ಮಾತ್ರ ಕುಣಿಯುತ್ತದೆ! ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಆ ಬೆರಳು ಎಗರಲು ಎಷ್ಟು ಶಕ್ತಿ ಬೇಕಾಯಿತು ಎನ್ನುವುದರ ಮೇಲೆಯೇ ಚಿಕಿತ್ಸೆಯ ಪ್ರಮಾಣ ನಿಗದಿಯಾಗುತ್ತದೆ.

ತೊಡಕು ಒಂದಿದೆ. ಈ ಬಡಿತ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಮಾತ್ರ ಇಳಿಯುತ್ತದೆ. ಥಲಾಮಸ್ ಅದಕ್ಕಿಂತ ಎಷ್ಟೋ ಒಳಗಿದೆ. ಹಾಗಾಗಿ ಸುತ್ತಿನಲ್ಲಿ ಮೇಲ್ಮೈಗೆ ಹತ್ತಿರವಿರುವ ಎರಡು ಜಾಗಗಳನ್ನು, ಅಂದರೆ ಕೈ ಆಡಿಸುವ ಪದರವನ್ನೋ ಹಿಂದಲೆಯ ಕಿರುಮಿದುಳನ್ನೋ ಹಿಡಿಯಬೇಕು. 2013ರಲ್ಲಿ ಪ್ಯಾರಿಸ್ಸಿನ ಒಂದು ತಂಡ ಎಸೆನ್ಶಿಯಲ್ ಟ್ರೆಮರ್ ಇದ್ದ 11 ಜನರಿಗೆ ಸೆಕೆಂಡಿಗೊಂದು ಬಡಿತದಂತೆ, ಕಿರುಮಿದುಳಿನ ಎರಡೂ ಬದಿಗೆ, ಐದು ದಿನ ಕೊಟ್ಟಿತು. ನಡುಕ ಇಳಿಯಿತು, ಸುಮಾರು ಮೂರು ವಾರ ಇಳಿದೇ ಇತ್ತು. ಓದಿದಾಗ ತುಂಬಾ ಖುಷಿಯಾಗುವ ಫಲಿತಾಂಶ. ಆದರೆ ಮುಂದೆ ನಕಲಿ ಚಿಕಿತ್ಸೆಯ (ಅಂದರೆ ಕೊಟ್ಟಂತೆ ಮಾಡಿ ನಿಜವಾಗಿ ಕೊಡದ ಚಿಕಿತ್ಸೆಯ) ಜೊತೆ ಹೋಲಿಸಿ ಮಾಡಿದ ಪರೀಕ್ಷೆಗಳಲ್ಲಿ ಫಲ ಇಷ್ಟು ನಿಚ್ಚಳವಾಗಿ ಕಾಣಲಿಲ್ಲ. ಖಿನ್ನತೆಗೆ ಟಿಎಂಎಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಒಪ್ಪಿಗೆ ಕೊಟ್ಟಿದೆ. ನಡುಕದ ವಿಷಯದಲ್ಲಿ ಅದು ಇನ್ನೂ ಸಂಶೋಧನೆಯ ಹಂತದ್ದು ಎಂದೇ ಹೇಳಬೇಕು.

ಇನ್ನೊಂದು ದಾರಿ, ನೆತ್ತಿಯ ಚರ್ಮದ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜು ಇಟ್ಟು ಒಂದೆರಡು ಮಿಲಿಆಂಪಿಯರ್ ಕರೆಂಟು ಹರಿಸುವುದು. ಚುಮುಚುಮು ಅನ್ನಿಸುತ್ತದೆ ಅಷ್ಟೇ. ಇದರಲ್ಲಿ ನನಗೆ ಇಷ್ಟವಾದ ಪ್ರಯೋಗ ಆಕ್ಸ್‌ಫರ್ಡಿನದು, 2013ರದ್ದು. ಪಾರ್ಕಿನ್ಸನ್ ಇದ್ದವರ ಕೈ ಯಾವ ತಾಳದಲ್ಲಿ ನಡುಗುತ್ತಿದೆ ಎಂದು ಅಳೆದು, ಅದೇ ತಾಳದ ಏರಿಳಿತದ ಕರೆಂಟನ್ನು ಮಿದುಳಿಗೆ ಕೊಟ್ಟರು. ನಡುಕದ ಯಾವ ಗಳಿಗೆಗೆ ಕರೆಂಟು ಬಿದ್ದರೆ ಕೈ ಶಾಂತವಾಗುತ್ತದೆ ಎಂದು ಒಬ್ಬೊಬ್ಬರಲ್ಲೂ ಹುಡುಕಿ, ಆ ಗಳಿಗೆಗೇ ಹಿಡಿದು ಕೊಟ್ಟಾಗ ನಡುಕ ಸರಾಸರಿ ಅರ್ಧದಷ್ಟು ಇಳಿಯಿತು. ಲಂಡನ್ನಿನ ತಂಡವೊಂದು ಸಹ ಮುಂದೆ ಕಿರುಮಿದುಳಿನ ಮೇಲೆ ಇಂಥದ್ದೇ ಹೊತ್ತಿನ ಲೆಕ್ಕ ಇಟ್ಟು ಎಸೆನ್ಶಿಯಲ್ ಟ್ರೆಮರ್ ಇಳಿಸಿ ತೋರಿಸಿತು. ಇವು ಸಣ್ಣ ಗುಂಪಿನ, ಪ್ರಯೋಗಾಲಯದ ಕೆಲಸಗಳು. ಮನೆಗೆ ಒಯ್ಯುವ ಹಂತಕ್ಕೆ ಬಂದಿಲ್ಲ.

ಮನೆಗೆ ಬಂದಿರುವುದು ನಿಮ್ಮ ವಿಡಿಯೋದಲ್ಲಿರುವ ಪಟ್ಟಿ. ಕ್ಯಾಲಾ ಎಂಬ ಕಂಪನಿಯ ಇಂಥ ಉಪಕರಣಕ್ಕೆ ಎಫ್‌ಡಿಎ 2018ರಲ್ಲಿ ಎಸೆನ್ಶಿಯಲ್ ಟ್ರೆಮರ್‌ಗೆ ಬಳಸಲು ಒಪ್ಪಿಗೆ ಕೊಟ್ಟಿತು. ಇದು ತಲೆಯನ್ನು ಮುಟ್ಟುವುದೇ ಇಲ್ಲ. ಮಣಿಕಟ್ಟಿನಲ್ಲಿ ಹಾದುಹೋಗುವ ನರಗಳಲ್ಲಿ ಎರಡನ್ನು ಇದು ಬಳಸುತ್ತದೆ. ಮೀಡಿಯನ್ ನರ ಅಂಗೈ ಕಡೆ, ರೇಡಿಯಲ್ ನರ ಹೆಬ್ಬೆರಳ ಬುಡದ ಕಡೆ. ಪಟ್ಟಿ ಮೊದಲು ನಿಮ್ಮ ಕೈಯ ತಾಳ ಅಳೆಯುತ್ತದೆ. ಸೆಕೆಂಡಿಗೆ 5 ಸಲ ನಡುಗುತ್ತಿದ್ದರೆ, ಒಂದು ನಡುಕಕ್ಕೆ 200 ಮಿಲಿಸೆಕೆಂಡ್. ಅದರ ಅರ್ಧದಷ್ಟು ಹೊತ್ತು ಒಂದು ನರಕ್ಕೆ, ಇನ್ನರ್ಧ ಇನ್ನೊಂದಕ್ಕೆ, ಹೀಗೆ ಅದಲು ಬದಲಾಗಿ ಕರೆಂಟು ಕೊಡುತ್ತದೆ. ಕೈಯಿಂದ ಮೇಲೆ ಹೋಗುವ ಆ ಸಂದೇಶ ಥಲಾಮಸ್‌ಗೆ ತಲುಪಿ, ಅಲ್ಲಿ ಒಂದೇ ಲಯಕ್ಕೆ ಬಿದ್ದ ಕೋಶಗಳ ಒಗ್ಗಟ್ಟು ಕೆಡಿಸುತ್ತದೆ ಎನ್ನುವುದು ಇದರ ಹಿಂದಿನ ತರ್ಕ. ಒಂದು ಸಲಕ್ಕೆ 40 ನಿಮಿಷ. ತೆಗೆದ ಮೇಲೂ ಸ್ವಲ್ಪ ಹೊತ್ತು ಫಲ ಉಳಿಯುತ್ತದೆ. ಆಮೇಲೆ ನಡುಕ ವಾಪಸ್ ಬರುತ್ತದೆ. ಊಟಕ್ಕೆ ಮುಂಚೆ, ಕಾರ್ಯಕ್ರಮಕ್ಕೆ ಹೋಗುವ ಮುಂಚೆ ಹಾಕಿಕೊಳ್ಳುವಂಥದ್ದು.

ಫಲ ಎಷ್ಟು? 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 263 ಜನ, ಮೂರು ತಿಂಗಳು, ದಿನಕ್ಕೆ ಎರಡು ಸಲ ಬಳಸಿದರು. ಬಹಳ ಜನರಿಗೆ ಊಟ, ಬರಹ, ಲೋಟ ಹಿಡಿಯುವುದು ಸುಲಭವಾಯಿತು. ನೂರಕ್ಕೆ 18 ಜನರಿಗೆ ಚರ್ಮ ಕೆಂಪಾಗುವುದು, ಉರಿ, ಇಂಥ ಸಣ್ಣ ತೊಂದರೆ ಆಯಿತು. ಆದರೆ ಅದರಲ್ಲಿ ನಕಲಿ ಪಟ್ಟಿ ಕಟ್ಟಿಕೊಂಡ ಗುಂಪು ಇರಲಿಲ್ಲ. ಅದಕ್ಕೂ ಮುಂಚೆ, 2019ರಲ್ಲಿ, 77 ಜನರಲ್ಲಿ ನಕಲಿ ಜೊತೆ ಹೋಲಿಸಿದ ಪರೀಕ್ಷೆ ನಡೆದಿತ್ತು. ಅಲ್ಲಿ ಮುಖ್ಯ ಅಳತೆ ನಮ್ಮ ಮೇಷ್ಟ್ರು ಬರೆದ ಸುತ್ತುಗೆರೆಯೇ. ಆ ಅಳತೆಯಲ್ಲಿ ಅಸಲಿಗೂ ನಕಲಿಗೂ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ದಿನನಿತ್ಯದ ಕೆಲಸಗಳ ಅಂಕದಲ್ಲಿ ಮಾತ್ರ ಅಸಲಿ ಮುಂದಿತ್ತು. ಎರಡನ್ನೂ ಒಟ್ಟಿಗೆ ಓದಬೇಕು. ವಿಡಿಯೋದಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

ನಕಲಿ ಚಿಕಿತ್ಸೆಯ ಮಾತನ್ನು ಇಷ್ಟು ಸಲ ಯಾಕೆ ಹೇಳುತ್ತಿದ್ದೇನೆ? ಅದಕ್ಕೊಂದು ಹಳೆಯ ಕಥೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ದೊಡ್ಡ ನರವೈದ್ಯ ಶಾರ್ಕೋ, ಪಾರ್ಕಿನ್ಸನ್ ಇದ್ದವರು ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪಯಣ ಮಾಡಿ ಬಂದರೆ ಹಗುರ ಅನ್ನಿಸುತ್ತದೆ ಎನ್ನುವುದನ್ನು ಗಮನಿಸಿದ. ರೈಲಿನ ಕುಲುಕಾಟವನ್ನೇ ಕೊಡುವ ಕುರ್ಚಿ ಮಾಡಿಸಿದ. ಕೂತವರು ಒಳ್ಳೆಯದಾಯಿತು ಎಂದರು. ನಿದ್ದೆ ಬಂತು ಎಂದರು. 2012ರಲ್ಲಿ ಶಿಕಾಗೋದ ವೈದ್ಯರು ಅಂಥ ಕುರ್ಚಿ ಮಾಡಿಸಿ ಸರಿಯಾಗಿ ಪರೀಕ್ಷೆ ಮಾಡಿದರು. ಕುಲುಕುವ ಕುರ್ಚಿಯಲ್ಲಿ ಕೂತವರಿಗೂ ಅನುಕೂಲವಾಯಿತು. ಸುಮ್ನೆ ಕುರ್ಚಿಯಲ್ಲಿ ಕೂತು ಹಿತವಾದ ಸದ್ದು ಕೇಳಿದವರಿಗೂ ಅಷ್ಟೇ ಅನುಕೂಲವಾಯಿತು. ಪಾರ್ಕಿನ್ಸನ್‌ನಲ್ಲಿ ನಂಬಿಕೆಯ ಬಲ ಕಡಿಮೆಯಲ್ಲ. ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯೇ ಮಿದುಳಿನಲ್ಲಿ ಡೋಪಮಿನ್ ಬಿಡಿಸುತ್ತದೆ ಎಂದು 2001ರಲ್ಲೇ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಆ ಸುಧಾರಣೆ ಸುಳ್ಳಲ್ಲ. ಆದರೆ ಅದನ್ನು ಯಂತ್ರದ ಲೆಕ್ಕಕ್ಕೆ ಬರೆದು ಬಡವರ ಹತ್ತಿರ ಸಾವಿರಾರು ರೂಪಾಯಿ ಕೀಳುವುದು ತಪ್ಪು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಹಾಗಾದರೆ ನಾವು ಏನು ಮಾಡಬೇಕು? ಮೊದಲು ನಡುಕ ಯಾವುದು ಎಂದು ಗೊತ್ತು ಮಾಡಿಕೊಳ್ಳಿ. ಅದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹಾಸನದ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲೇ ಶುರು ಮಾಡಬಹುದು. ಎಸೆನ್ಶಿಯಲ್ ಟ್ರೆಮರ್‌ಗೆ ಪ್ರೊಪ್ರನಲಾಲ್, ಪ್ರಿಮಿಡೋನ್ ಎಂಬ ಹಳೆಯ ಮಾತ್ರೆಗಳಿವೆ. ದುಬಾರಿಯಲ್ಲ. ಎಲ್ಲರಿಗೂ ಆಗುವುದಿಲ್ಲ, ಆದರೆ ಆದವರಿಗೆ ಜೀವನವೇ ಬದಲಾಗುತ್ತದೆ. ಉಬ್ಬಸ ಇದ್ದವರು, ನಾಡಿ ನಿಧಾನ ಇರುವವರು ಪ್ರೊಪ್ರನಲಾಲ್ ತೆಗೆದುಕೊಳ್ಳಬಾರದು. ತೆಗೆದುಕೊಳ್ಳುತ್ತಿರುವವರು ಥಟ್ಟನೆ ಬಿಡಬಾರದು. ಪಾರ್ಕಿನ್ಸನ್‌ಗೆ ಲೆವೊಡೋಪಾ ಎಂಬ ಮಾತ್ರೆ ಇದೆ. ಮಾತ್ರೆ ಸಾಲದಾದಾಗ ಡಿಬಿಎಸ್ ಅಥವಾ ಈ ಹೊಸ ದಾರಿಗಳ ಮಾತು. ಈ ಸರದಿಯನ್ನು ಉಲ್ಟಾ ಮಾಡಬೇಡಿ.

ಕಾಫಿಯ ಬಗ್ಗೆ ಹೇಳದೆ ಹಾಸನದಲ್ಲಿ ಮಾತು ಮುಗಿಸಲು ಆಗುವುದಿಲ್ಲ, ಅಲ್ವಾ. ನಡುಕ ಇರುವ ಕೆಲವರಿಗೆ ಕಾಫಿ ಕುಡಿದ ಮೇಲೆ ಅದು ಜಾಸ್ತಿಯಾಗುತ್ತದೆ. ಎರಡು ವಾರ ಬಿಟ್ಟು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ನಿಮ್ಮ ಕಾಫಿ ನಿಮಗೆ. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಸ್ವಲ್ಪ ಕಡಿಮೆ ಎಂದು ದೊಡ್ಡ ಅಧ್ಯಯನಗಳು ಹೇಳಿವೆ. ಆದರೆ ಬಂದ ಮೇಲೆ ಅದು ಔಷಧಿಯಲ್ಲ.

ಪ್ರಶ್ನೆಗಳು

ಒಬ್ಬರು ಅಮ್ಮ ಕೇಳಿದರು: "ಮಂಡಿನೋವಿಗೆ ಫಿಸಿಯೋಥೆರಪಿಯಲ್ಲಿ ಕರೆಂಟು ಕೊಡ್ತಾರಲ್ಲ, ಅದನ್ನೇ ಕೈಗೆ ಹಾಕಿಸಿಕೊಂಡ್ರೆ ಆಗಲ್ವಾ?" ಆಗುವುದಿಲ್ಲಮ್ಮ. ಆ ಟೆನ್ಸ್ ಯಂತ್ರ ನೋವಿಗೆ ಮಾಡಿದ್ದು. ಅದು ನಿಮ್ಮ ಕೈಯ ತಾಳ ಅಳೆಯುವುದಿಲ್ಲ, ಎರಡು ನರಕ್ಕೆ ಸರದಿಯಲ್ಲಿ ಕೊಡುವುದೂ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ ತಲೆಗೆ ಹಾಕುವ ಕರೆಂಟಿನ ಕಿಟ್‌ಗಳನ್ನಂತೂ ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ. ಚರ್ಮ ಸುಡುತ್ತದೆ.

ಸಕಲೇಶಪುರದ ಬೆಳೆಗಾರರೊಬ್ಬರದು ಕಳೆನಾಶಕದ ಪ್ರಶ್ನೆ: ಅದರಿಂದ ಈ ಕಾಯಿಲೆ ಬರುತ್ತದೆಯೇ? ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟಿದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅವಕಾಶ ಇಲ್ಲ. ಹೊಡೆಸುವವರು ನೀವಾದರೂ ಹೊಡೆಯುವವರು ನಿಮ್ಮ ಕೂಲಿಯವರು ಅಲ್ವಾ. ಆದಷ್ಟು ಬಿಡಿ ಎಂದು ಕೈಮುಗಿದು ಕೇಳಿದೆ.

"ನಸುಗುನ್ನಿ ಬೀಜದ ಪುಡಿ ಒಳ್ಳೇದಂತೆ?" ಅದರಲ್ಲಿ ಲೆವೊಡೋಪಾ ಇರುವುದು ನಿಜ. 1937ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಆ ಬೀಜದಿಂದ ಬೇರ್ಪಡಿಸಿದ್ದರು. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಎಂದು ಹೇಳಲಾಗದು. ಮಾತ್ರೆಯ ಜೊತೆಗೆ ಅದನ್ನೂ ತಿಂದರೆ ಡೋಸು ಮೀರುತ್ತದೆ. ತಿನ್ನುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಪೇಸ್‌ಮೇಕರ್ ಇದ್ದವರು? ಮಣಿಕಟ್ಟಿನ ಪಟ್ಟಿಯೂ ಬೇಡ, ಟಿಎಂಎಸ್ಸೂ ಬೇಡ. ತಲೆಯೊಳಗೆ ಲೋಹದ ಕ್ಲಿಪ್ ಇದ್ದವರು, ಫಿಟ್ಸ್ ಬರುವವರು ಸಹ ಟಿಎಂಎಸ್‌ಗೆ ಮುಂಚೆ ಅದನ್ನು ಹೇಳಲೇಬೇಕು. ತಲೆ ಅಥವಾ ದನಿ ನಡುಗುವವರಿಗೆ ಕೈಯ ಪಟ್ಟಿಯಿಂದ ಉಪಯೋಗವಿಲ್ಲ. ಅವರಿಗೆ ಬೊಟ್ಯುಲಿನಂ ಇಂಜೆಕ್ಷನ್ ಕೆಲವು ಸಲ ಅನುಕೂಲ ಮಾಡುತ್ತದೆ.

ಕೊನೆಗೆ ಒಬ್ಬ ಮಗಳು ಎದ್ದು ನಿಂತರು. ಅಪ್ಪನ ಸಹಿ ಹೊಂದುತ್ತಿಲ್ಲ ಎಂದು ಬ್ಯಾಂಕಿನಲ್ಲಿ ಪಿಂಚಣಿ ಹಣ ಕೊಡಲು ತಕರಾರು ಮಾಡುತ್ತಾರಂತೆ. ಇದು ವೈದ್ಯರ ಪ್ರಶ್ನೆಯಲ್ಲ, ಆದರೂ ಉತ್ತರ ಗೊತ್ತಿದೆ. ಕಾಯಿಲೆ ಅಥವಾ ವಯಸ್ಸಿನಿಂದ ಸಹಿ ಹಾಕಲಾಗದವರು ಹೆಬ್ಬೆಟ್ಟು ಒತ್ತಿ ಹಣ ಪಡೆಯಬಹುದು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಮ್ಯಾನೇಜರ್ ಹತ್ತಿರ ಹೋಗಿ ಆ ಸೂಚನೆಯ ಹೆಸರು ಹೇಳಿ ಕೇಳಿ. ನಡುಕ ಇದೆ ಎಂದು ನಾನು ಸರ್ಟಿಫಿಕೇಟ್ ಬರೆದುಕೊಡುತ್ತೇನೆ, ಸೋಮವಾರ ಅಪ್ಪನನ್ನು ಕರೆದುಕೊಂಡು ಬನ್ನಿ. ಬರುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ತನ್ನಿ. ಊಟ ಮಾಡುವಾಗ, ಬರೆಯುವಾಗ, ಸುಮ್ನೆ ಟಿವಿ ನೋಡುತ್ತಾ ಕೂತಾಗ ಕೈ ಹೇಗಿರುತ್ತದೆ ಎಂದು ಫೋನಿನಲ್ಲಿ ಒಂದಷ್ಟು ವಿಡಿಯೋ ಮಾಡಿಕೊಂಡು ಬನ್ನಿ.